‘ಹೈಬ್ರೀಡ’ ಅಂದರೆ ಏನು?



ಇಂದು ನಾನು ಗೊಬ್ಬರದ ಲೆಕ್ಕ ಹೇಳಲಿಕ್ಕೆ ಬಂದವನಲ್ಲ. ಕೀಡಿಗೆ ಎಣ್ಣೆ ಹೊಡೆಯುವ ವಿಷಯವೂ ನನ್ನದಲ್ಲ. ಒಂದೇ ಒಂದು ಇಂಗ್ಲಿಷ್ ಶಬ್ದದ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಬಂದಿದ್ದೇನೆ. ಒಂದು ಶಬ್ದಕ್ಕೆ ಇಷ್ಟು ಹೊತ್ತು ಏಕೆ ಎಂದು ನೀವು ಕೇಳಬಹುದು. ಆ ಶಬ್ದದ ಅರ್ಥವನ್ನು ನಾನು ತಪ್ಪು ಹೇಳಿದ್ದರಿಂದ ನಮ್ಮ ಮನೆಯ ಎರಡು ಎಕರೆ ಪೀಕು ಕೆಟ್ಟಿತು. ಅದಕ್ಕಾಗಿ ಈ ಮಾತು.

ನಮ್ಮದು ಒಕ್ಕಲುತನದ ಮನೆ. ನಾನು ಮಾತ್ರ ಹೊಟ್ಟೆಪಾಡಿಗೆ ಸಾಲೆಯ ಮಾಸ್ತರನಾದೆ, ಮಕ್ಕಳಿಗೆ ಇಂಗ್ಲಿಷ್ ಕಲಿಸಿದೆ. ಗುಣವಾಚಕ ಅಂದರೇನು ಎಂದು ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದವನು ನಾನು. ಕರಿ ಎತ್ತು, ಬಿಳಿ ಎತ್ತು ಎಂಬಲ್ಲಿ ‘ಕರಿ’, ‘ಬಿಳಿ’ ಗುಣವಾಚಕಗಳು. ಎತ್ತು ಎಂಥದು ಎಂಬುದನ್ನು ಅವು ಹೇಳುತ್ತವೆ. ‘ಹೈಬ್ರೀಡ’ ಎಂಬುದೂ ಅಂಥದೇ ಒಂದು ಗುಣವಾಚಕ. ಬೀಜ ಎಂಥದು ಎಂಬುದನ್ನು ಅದು ಹೇಳುತ್ತದೆ. ಇಷ್ಟು ವ್ಯಾಕರಣ ನನಗೆ ಬರುತ್ತಿತ್ತು. ಅರ್ಥ ಮಾತ್ರ ಬರುತ್ತಿರಲಿಲ್ಲ.

ಸುಮಾರು 20 ವರ್ಷಗಳ ಹಿಂದಿನ ಮಾತು. ಮುಂಗಾರಿಗೆ ಎಂದು ಪೇಟೆಯಿಂದ ಗೋವಿನಜೋಳದ ಬೀಜದ ಚೀಲ ತಂದೆ. ಅವ್ವ ಅದನ್ನು ಕೈಯಲ್ಲಿ ಹಿಡಿದು ಹಿಂದುಮುಂದು ನೋಡಿದಳು.

“ತಮ್ಮಾ, ಇದರ ಮ್ಯಾಲ ಏನ ಬರದಾರ?”

“‘ಹೈಬ್ರೀಡ’ ಅಂತ ಬರದಾರವ್ವಾ.”

“ಹಂಗಂದ್ರ ಏನಪಾ?”

“ಸುಧಾರಿಸಿದ ಚಲೋ ಬೀಜ ಅಂತ.”

ಆ ವರ್ಷ ಬೆಳೆ ಬಲು ಚಲೋ ಬಂತು. ಒಂದೇ ಎತ್ತರದ ದಂಟು, ಒಂದೇ ಅಳತೆಯ ತೆನೆ. ಎರಡು ಎಕರೆಗೆ 46 ಕ್ವಿಂಟಲ್ ರಾಶಿ ಆಯಿತು. ಅವ್ವ ಕಣದಲ್ಲಿ ಕುಳಿತು ತುದಿಯವರೆಗೆ ಕಾಳು ತುಂಬಿದ ದಪ್ಪ ದಪ್ಪ ತೆನೆಗಳನ್ನು ಆರಿಸಿದಳು. ಸಿಪ್ಪೆಯಿಂದಲೇ ಜಡೆ ಹೆಣೆದು, ಒಲೆಯ ಹೊಗೆ ತಾಗುವಂತೆ ಜಂತಿಗೆ ಕಟ್ಟಿದಳು. “ಚಲೋ ಬೀಜ ಅಂದ ಮ್ಯಾಲ ಮುಂದಿನ ವರ್ಷಕ್ಕೂ ಇದ ಆತು, ರೊಕ್ಕ ಯಾಕ ಕೊಡೂದು” ಅಂದಳು. ನಾನೂ ಹೌದೆಂದೆ. ಯಾಕೆಂದರೆ ‘ಚಲೋ ಬೀಜ’ ಎಂಬ ಅರ್ಥ ಹೇಳಿದವನು ನಾನೇ.

ಮರುವರ್ಷ ಅದೇ ಹೊಲ, ಅದೇ ನೀರು, ಅದೇ ಗೊಬ್ಬರ. ಆದರೆ ಒಂದು ದಂಟು ಆಳೆತ್ತರ, ಪಕ್ಕದ್ದು ಮೊಳಕಾಲೆತ್ತರ. ಒಂದು ಗಿಡ ಹೂ ಬಿಟ್ಟು ಎಂಟು ದಿನವಾದರೂ ಇನ್ನೊಂದು ಸುಳಿಯಲ್ಲೇ ಇತ್ತು. ಎಷ್ಟೋ ತೆನೆಗಳಲ್ಲಿ ಅರ್ಧ ಕಾಳು, ಅರ್ಧ ಬೆಂಡು. ರಾಶಿ 27 ಕ್ವಿಂಟಲಿಗೆ ನಿಂತಿತು. ನನಗೆ ಹಾನಿಗಿಂತ ಹೆಚ್ಚು ಚುಚ್ಚಿದ್ದು ಅವ್ವ ಆಡಿದ ಮಾತು. “ಬೀಜ ಆರಸೂದು ನಮ್ಮವ್ವ ನನಗ ಕಲಿಸಿದ್ದು. ಅಕಿ ಕಲಿಸಿದ್ದ ಸುಳ್ಳಾತೇನೋ ತಮ್ಮಾ?” ಅಂದಳು.

ನಾನು ಉತ್ತರ ಹೇಳಲಿಲ್ಲ. ಗೊತ್ತಿರಲಿಲ್ಲ. ಅಂದಿನಿಂದ ನಿಘಂಟು ತೆರೆದೆ, ಕೃಷಿ ಬಲ್ಲವರನ್ನು ಕೇಳಿದೆ. ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಈ ಶಬ್ದ ಹುಟ್ಟಿದ್ದು ಲ್ಯಾಟಿನ್ ಭಾಷೆಯಲ್ಲಿ. ಊರಹಂದಿಗೂ ಕಾಡುಹಂದಿಗೂ ಹುಟ್ಟಿದ ಮರಿಗೆ ಹಳೆಯ ರೋಮಿನ ಜನ ಈ ಹೆಸರು ಇಟ್ಟಿದ್ದರು. ನಗಬೇಡಿ, ಮಾತು ನಿಜ. ಮುಂದೆ ಇಂಗ್ಲಿಷಿಗೆ ಬಂದ ಮೇಲೆ, ಬೇರೆ ಬೇರೆ ಎರಡು ಕುಲ ಕೂಡಿ ಹುಟ್ಟಿದ ಯಾವುದಕ್ಕೂ ಈ ಮಾತು ಹತ್ತಿತು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಹೈಬ್ರೀಡ. ಈಚೆಗೆ ಪೆಟ್ರೋಲಿಗೂ ಕರೆಂಟಿಗೂ ಓಡುವ ಕಾರಿಗೂ ಅದೇ ಹೆಸರು. ಎಲ್ಲ ಕಡೆ ಅರ್ಥ ಒಂದೇ: ಎರಡರ ಕೂಡಿಕೆ. ನಮ್ಮ ಪುಸ್ತಕಗಳಲ್ಲಿ ಇದನ್ನು ‘ಸಂಕರಣ’ ಅನ್ನುತ್ತಾರೆ. ಚಲೋ, ಕೆಟ್ಟ, ದೊಡ್ಡ, ಹೊಸ ಎಂಬ ಅರ್ಥ ಈ ಶಬ್ದದಲ್ಲಿ ಎಲ್ಲಿಯೂ ಇಲ್ಲ.

ಹಾಗಾದರೆ ನಮ್ಮ ಓಣಿಯಲ್ಲಿ ಇದಕ್ಕೆ ಬೇರೆ ಅರ್ಥಗಳು ಹೇಗೆ ಬಂದವು? ಅದಕ್ಕೂ ಒಂದು ಚರಿತ್ರೆ ಇದೆ. ಭಾರತದಲ್ಲಿ ಗೋವಿನಜೋಳದ ಮೊದಲ ಹೈಬ್ರೀಡಗಳು ಒಕ್ಕಲಿಗರಿಗೆ ಸಿಕ್ಕದ್ದು 1961ರಲ್ಲಿ. 1964ರಲ್ಲಿ ಜೋಳದ ಮೊದಲ ಹೈಬ್ರೀಡ ಸಿ.ಎಸ್.ಎಚ್-1 ಬಂತು. ಅದು ಗಿಡ್ಡ ದಂಟಿನ, ಬೇಗ ಬರುವ, ಹೆಚ್ಚು ಕಾಳು ಕೊಡುವ ಬೆಳೆ. ಆದರೆ ಬೇಗ ಬಂದದ್ದರಿಂದ ಎಷ್ಟೋ ಸಲ ಮಳೆಯಲ್ಲಿಯೇ ತೆನೆ ಹಣ್ಣಾಗಿ ಕಾಳಿಗೆ ಕಪ್ಪು ಬೂಜು ಹತ್ತುತ್ತಿತ್ತು. ದಂಟು ಗಿಡ್ಡಾದ್ದರಿಂದ ದನಕ್ಕೆ ಕಣಿಕೆ ಕಡಿಮೆ. ರೊಟ್ಟಿಗೆ ನಮ್ಮ ಹಿಂಗಾರಿ ಬಿಳಿಜೋಳದ ಸವಿ ಇಲ್ಲ. ಅಂದಿನಿಂದ ‘ಹೈಬ್ರೀಡ’ ಎಂಬುದು ನಮ್ಮ ಬಾಯಲ್ಲಿ ‘ಜವಾರಿ’ ಎಂಬುದಕ್ಕೆ ಎದುರು ಮಾತಾಯಿತು. ಜವಾರಿ ಕೋಳಿ, ಹೈಬ್ರೀಡ ಕೋಳಿ. ಜವಾರಿ ಟೊಮೆಟೊ, ಹೈಬ್ರೀಡ ಟೊಮೆಟೊ. ಕಡೆಗೆ ಎತ್ತರ ಬೆಳೆದು ಚೀಲ ಹೊರಲಾರದ ಹುಡುಗನಿಗೂ “ಇಂವಾ ಹೈಬ್ರೀಡ ಅದಾನ್ರಿ” ಅನ್ನುತ್ತೇವೆ.

ಆಡಿಕೊಳ್ಳುವ ಮಾತಿಗೆ ಅಡ್ಡಿಯಿಲ್ಲ. ಆದರೆ ಇನ್ನೊಂದು ಮಾತೂ ತಿಳಿದಿರಲಿ. ನಾವು ಜವಾರಿ ಎಂದು ಅಭಿಮಾನ ಪಡುವ ಕೃಷ್ಣಾ ಕಣಿವೆ ತಳಿಯ ದನ ಇದೆಯಲ್ಲ, ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ಎರೆಭೂಮಿಯ ದನ, ಅದು ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಗಲಿ ಮೊದಲಾದ ಸಂಸ್ಥಾನಗಳ ಅರಸರು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ರಕ್ತವನ್ನು ಇಲ್ಲಿಯ ದನಗಳ ಜತೆ ಕೂಡಿಸಿ ಬೆಳೆಸಿದ್ದು. ಎರೆಮಣ್ಣಿನಲ್ಲಿ ಕುಂಟೆ ಎಳೆಯುವ ದೊಡ್ಡ ಎತ್ತು ಬೇಕಾಗಿತ್ತು, ಕೂಡಿಸಿದರು. ಇಂದಿನ ಜವಾರಿಯೂ ಒಂದು ಕಾಲದ ಕೂಡಿಕೆಯೇ. ಆದರೆ ಆ ಕೂಡಿಕೆ ತಲೆಮಾರುಗಟ್ಟಲೆ ನಿಂತು ಗಟ್ಟಿಯಾಯಿತು, ಆದ್ದರಿಂದ ಅದು ತಳಿ ಆಯಿತು. ಗಟ್ಟಿಯಾಗುವುದು ಎಂಬ ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಬೀಜದ ಚೀಲಕ್ಕೆ ಬರೋಣ. ಗೋವಿನಜೋಳದ ಗಿಡದ ತುದಿಯಲ್ಲಿ ಗೊಂಡೆ ಇರುತ್ತದೆ, ಅದು ಗಂಡು ಹೂ. ನಡುವಿನ ತೆನೆಯಿಂದ ರೇಶಿಮೆಯಂಥ ಎಳೆಗಳು ಹೊರಗೆ ಬರುತ್ತವೆ, ಅದು ಹೆಣ್ಣು ಹೂ. ಗೊಂಡೆಯ ಹುಡಿ ಗಾಳಿಯಲ್ಲಿ ಹಾರಿ ಎಳೆಯ ಮೇಲೆ ಬಿದ್ದರೆ ಕಾಳು ಕಟ್ಟುತ್ತದೆ. ಸಾಮಾನ್ಯವಾಗಿ ಒಂದು ಗಿಡದ ಹುಡಿ ಇನ್ನೊಂದಕ್ಕೆ ಹೋಗುತ್ತದೆ. ಬೀಜ ತಯಾರಿಸುವವರು ಏನು ಮಾಡುತ್ತಾರೆಂದರೆ, ಒಂದು ಗಿಡದ ಹುಡಿಯನ್ನು ಅದೇ ಗಿಡದ ತೆನೆಗೆ ಹಾಕಿ, ಹೀಗೆ ಹಲವು ತಲೆಮಾರು ನಡೆಸುತ್ತಾರೆ. ಅದರಿಂದ ಗಿಡ ಬಡವಾಗುತ್ತದೆ, ಆದರೆ ಅದರ ಗುಣ ಅಲುಗದಂತೆ ನಿಲ್ಲುತ್ತದೆ. ಇಂಥ ಎರಡು ಬಡ ಕುಲಗಳನ್ನು ಅಕ್ಕಪಕ್ಕ ಸಾಲಿನಲ್ಲಿ ಬಿತ್ತಿ, ತಾಯಿ ಸಾಲಿನ ಗೊಂಡೆಗಳನ್ನು ಹುಡಿ ಉದುರುವ ಮೊದಲೇ ಕಿತ್ತುಹಾಕಿ, ತಂದೆ ಸಾಲಿನ ಹುಡಿ ಮಾತ್ರ ಅದಕ್ಕೆ ಬೀಳುವಂತೆ ಮಾಡುತ್ತಾರೆ. ಆಗ ತಾಯಿ ಸಾಲಿನಲ್ಲಿ ಕಟ್ಟಿದ ಕಾಳೇ ಹೈಬ್ರೀಡ ಬೀಜ. ಅದರಿಂದ ಹುಟ್ಟಿದ ಗಿಡ ತಾಯಿಗಿಂತ, ತಂದೆಗಿಂತ ಜೋರಾಗಿರುತ್ತದೆ. ಅಮೆರಿಕದಲ್ಲಿ ಜಾರ್ಜ್ ಶಲ್ ಎಂಬ ವಿಜ್ಞಾನಿ 1908ರ ಹೊತ್ತಿಗೆ ಈ ದಾರಿಯನ್ನು ತೋರಿಸಿದರು.

ಈ ಜೋರು ಮರುವರ್ಷ ಏಕೆ ನಿಲ್ಲುವುದಿಲ್ಲ? ಹಗ್ಗದ ದೃಷ್ಟಾಂತ ತೆಗೆದುಕೊಳ್ಳಿ. ಒಂದು ಬಿಳಿ ಎಳೆ, ಒಂದು ಕರಿ ಎಳೆ ಸೇರಿಸಿ ಹೊಸೆದ ಹಗ್ಗ ನಮ್ಮ ಹೈಬ್ರೀಡ ಗಿಡ. ಪ್ರತಿಯೊಂದು ಗುಣಕ್ಕೂ ತಾಯಿಯದು ಒಂದು ಎಳೆ, ತಂದೆಯದು ಒಂದು ಎಳೆ. ಹೊಲದಲ್ಲಿ ಎಲ್ಲ ಗಿಡಗಳೂ ಹೀಗೆಯೇ ಇರುವುದರಿಂದ ಬೆಳೆ ಒಂದೇ ಸಮ. ಈ ಗಿಡಗಳು ತಮ್ಮ ಮಕ್ಕಳಿಗೆ ಬೀಜ ಕಟ್ಟುವಾಗ ಹುರಿ ಬಿಚ್ಚುತ್ತವೆ. ಒಂದು ಮಗುವಿಗೆ ಒಂದೇ ಎಳೆ ಕೊಡಲು ಬರುತ್ತದೆ, ಬಿಳಿಯದಾಗಲಿ ಕರಿಯದಾಗಲಿ. ಹುಡಿಯ ಕಡೆಯಿಂದಲೂ ಹಾಗೆಯೇ ಒಂದು ಎಳೆ. ಆಗ ನಾಲ್ಕು ಮಕ್ಕಳಲ್ಲಿ ಸರಾಸರಿ ಒಂದಕ್ಕೆ ಎರಡೂ ಬಿಳಿ, ಒಂದಕ್ಕೆ ಎರಡೂ ಕರಿ, ಎರಡಕ್ಕೆ ಮಾತ್ರ ಬಿಳಿ-ಕರಿ. ಅಂದರೆ ಕೂಡಿಕೆ ಅರ್ಧಕ್ಕೆ ಇಳಿಯಿತು. ಎತ್ತರ, ಹೂ ಬಿಡುವ ಕಾಲ, ತೆನೆಯ ಉದ್ದ, ರೋಗ ತಡೆಯುವ ಶಕ್ತಿ, ಹೀಗೆ ನೂರಾರು ಎಳೆಗಳು ಬೇರೆ ಬೇರೆಯಾಗಿ ಹಂಚಿಹೋದರೆ ಹೊಲದಲ್ಲಿ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಈ ಹಂಚಿಕೆಯ ಲೆಕ್ಕವನ್ನು ಬಟಾಣಿ ಗಿಡಗಳಲ್ಲಿ ನೋಡಿ 1866ರಲ್ಲಿ ಪ್ರಕಟಿಸಿದವರು ಮೆಂಡೆಲ್ ಎಂಬ ಒಬ್ಬ ಮಠದ ಸನ್ಯಾಸಿ.

ಆದ್ದರಿಂದ ನಮ್ಮ ಅವ್ವ ಆರಿಸಿದ ತೆನೆ ತಪ್ಪಾಗಿರಲಿಲ್ಲ. ಎಷ್ಟು ದಪ್ಪ ತೆನೆ ಆರಿಸಿದರೂ ಅದರೊಳಗೆ ಬಿಚ್ಚಿದ ಹುರಿಯೇ ಇತ್ತು. ಕಣ್ಣಿಗೆ ಕಾಣುವ ಕಾಳಿನಿಂದ ಅದು ತಿಳಿಯುವಂಥದಲ್ಲ. ಚೀಲದ ಮೇಲಿನ ಶಬ್ದದಿಂದ ಮಾತ್ರ ತಿಳಿಯುತ್ತದೆ. ಆ ಶಬ್ದವನ್ನು ಓದಿ ಹೇಳಬೇಕಾದವನು ನಾನಾಗಿದ್ದೆ.

ಹತ್ತಿಯ ಮಾತನ್ನೂ ಹೇಳಬೇಕು. ಗೋಕಾಕ ಜಲಪಾತದ ದಂಡೆಯ ಮಿಲ್ಲು 1880ರ ದಶಕದಲ್ಲಿ ಶುರುವಾದಾಗಿನಿಂದ ನಮ್ಮ ಕೊಣ್ಣೂರಿನ ಎಷ್ಟೋ ಮನೆಗಳಿಗೆ ಹತ್ತಿ ಅಂದರೆ ಅನ್ನ. ಎಳೆಯ ಉದ್ದ ಅಂದರೇನು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಉದ್ದ ಎಳೆಗಾಗಿಯೇ ಧಾರವಾಡದಲ್ಲಿ ಬಿ. ಎಚ್. ಕಟಾರಕಿಯವರು ಲಕ್ಷ್ಮಿ ಎಂಬ ಹತ್ತಿಗೂ, ಎಸ್.ಬಿ. 289 ಇ ಎಂಬ ಬೇರೆ ಜಾತಿಯ ನೀಳ ಎಳೆಯ ಹತ್ತಿಗೂ ಕೂಡಿಕೆ ಮಾಡಿ ‘ವರಲಕ್ಷ್ಮಿ’ಯನ್ನು ಹುಟ್ಟಿಸಿದರು. ಅದು ಒಕ್ಕಲಿಗರ ಕೈಗೆ ಬಂದದ್ದು 1972ರಲ್ಲಿ. ಹತ್ತಿಯ ಒಂದೇ ಹೂವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಆದ್ದರಿಂದ ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆ ಬಿಡಿಸಿ, ಗಂಡು ಭಾಗವನ್ನು ಉಗುರಿನಿಂದ ತೆಗೆದು, ಮರುದಿನ ಮುಂಜಾನೆ ಬೇರೆ ಗಿಡದ ಹುಡಿಯನ್ನು ಮುಟ್ಟಿಸಬೇಕು. ಒಂದೊಂದು ಹೂವಿಗೂ ಈ ಕೆಲಸ. ಹೆಚ್ಚಾಗಿ ಹೆಣ್ಣುಮಕ್ಕಳು ಮಾಡುವ ಕೆಲಸ ಇದು. ಹೈಬ್ರೀಡ ಬೀಜಕ್ಕೆ ಬೆಲೆ ಹೆಚ್ಚಾಗುವುದಕ್ಕೆ ಈ ಕೈಕೆಲಸವೂ ಒಂದು ಕಾರಣ.

ಇಲ್ಲಿಯೇ ಇನ್ನೊಂದು ಗೊಂದಲ ಬಿಡಿಸೋಣ. ಬಿಟಿ ಹತ್ತಿಯನ್ನೂ ಹೈಬ್ರೀಡ ಅನ್ನುತ್ತಾರೆ, ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ. ಹೈಬ್ರೀಡ ಅಂದರೆ ಎರಡು ಕುಲದ ಗಿಡಗಳ ಕೂಡಿಕೆ. ಬಿಟಿ ಅಂದರೆ ಮಣ್ಣಿನ ಒಂದು ಸೂಕ್ಷ್ಮಜೀವಿಯ ಗುಣವನ್ನು ಪ್ರಯೋಗಶಾಲೆಯಲ್ಲಿ ಹತ್ತಿಗೆ ಸೇರಿಸಿದ್ದು. ನಮ್ಮ ದೇಶದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕದ್ದು 2002ರಲ್ಲಿ. ಅಂಗಡಿಯ ಬಿಟಿ ಹತ್ತಿ ಬಹುಪಾಲು ಹೈಬ್ರೀಡವೂ ಆಗಿರುವುದರಿಂದ ಈ ಎರಡು ಗುಣವಾಚಕಗಳು ಒಂದೇ ಚೀಲದ ಮೇಲೆ ಕೂತಿವೆ, ಅಷ್ಟೆ.

ಹಾಗಾದರೆ ಹೈಬ್ರೀಡ ಅಂದ ಮೇಲೆ ಪ್ರತಿವರ್ಷ ಹೊಸದನ್ನೇ ಕೊಳ್ಳಬೇಕೇ? ಕಬ್ಬನ್ನು ನೋಡಿ. ನಮ್ಮ ಹೊಲಗಳ ಕೋ 86032 ಕಬ್ಬೂ ಕೂಡಿಕೆಯಿಂದ ಹುಟ್ಟಿದ್ದೇ. ನಾಡಕಬ್ಬಿಗೂ ಕಾಡಕಬ್ಬಿಗೂ ಕೂಡಿಕೆ ಮಾಡುವ ಕೆಲಸವನ್ನು ಕೊಯಮತ್ತೂರಿನಲ್ಲಿ ಬಾರ್ಬರ್ ಮತ್ತು ವೆಂಕಟರಾಮನ್ ಎಂಬವರು ನೂರು ವರ್ಷಗಳ ಹಿಂದೆಯೇ ನಡೆಸಿದ್ದರು. ಕಬ್ಬಿನ ಹೆಸರಿನ ‘ಕೋ’ ಆ ಊರಿನ ಗುರುತು. ಆದರೂ ನಾವು ಕಬ್ಬಿನ ಬೀಜವನ್ನು ನಮ್ಮ ಹೊಲದಿಂದಲೇ ಕಡಿದು ನೆಡುತ್ತೇವೆ, ಗುಣ ಕೆಡುವುದಿಲ್ಲ. ಏಕೆಂದರೆ ನಾವು ನೆಡುವುದು ಕಣ್ಣು ಇರುವ ತುಂಡು. ಅದು ತಾಯಿಯ ಮೈಯ ಭಾಗವೇ, ಹುರಿ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಗಡ್ಡೆ ನೆಡುವ ಅರಿಷಿಣಕ್ಕೂ ಇದೇ ನ್ಯಾಯ. ರೋಗ-ಕೀಡೆ ಇಲ್ಲದ ತುಂಡು, ಗಡ್ಡೆ ನೋಡಿಕೊಂಡರೆ ಸಾಕು.

ಇನ್ನು ಹೈಬ್ರೀಡ ಅಲ್ಲದೆಯೂ ಆ ಹೆಸರಿನಿಂದ ಕರೆಸಿಕೊಳ್ಳುವ ಬೀಜಗಳು. ಇಲ್ಲಿ ನಮ್ಮ ರೊಕ್ಕ ಬಹಳ ಹೋಗುತ್ತದೆ. ಪೇಟೆಯಲ್ಲಿ ಹೊಸ ಬೀಜಕ್ಕೆಲ್ಲ “ಹೈಬ್ರೀಡ ಐತ್ರಿ” ಅನ್ನುವ ರೂಢಿ ಇದೆ. ಆದರೆ ಸೋಯಾ, ಗೋದಿ, ಕಡಲೆಗಳಲ್ಲಿ ನಮಗೆ ಸಿಗುವವು ಹೈಬ್ರೀಡಗಳಲ್ಲ, ತಳಿಗಳು. ಜೆ.ಎಸ್. 335 ಸೋಯಾ ಒಂದು ತಳಿ. ಧಾರವಾಡದ ಡಿ.ಎಸ್.ಬಿ. 21 ಒಂದು ತಳಿ. ಅಣ್ಣಿಗೇರಿ ಕಡಲೆ ಒಂದು ತಳಿ. ಈ ಬೆಳೆಗಳಲ್ಲಿ ಹೂವಿನ ಹುಡಿ ಅದೇ ಹೂವಿಗೇ ಬೀಳುತ್ತದೆ, ಎರಡೂ ಎಳೆ ಒಂದೇ ಬಣ್ಣದವು. ಮೊದಲು ಹೇಳಿದೆನಲ್ಲ, ಗಟ್ಟಿಯಾದ ಕೂಡಿಕೆ ಎಂದು, ಅದು ಇದೇ. ಹುರಿ ಬಿಚ್ಚಿದರೂ ಮತ್ತೆ ಅದೇ ಬಣ್ಣ. ಹಿಂಗಾರಿಯ ಎಂ 35-1 ಮಾಲ್ದಂಡಿ ಜೋಳವೂ ಹೈಬ್ರೀಡ ಅಲ್ಲ. ಜೋಳದಲ್ಲಿ ಸ್ವಲ್ಪ ಹುಡಿ ಹೊರಗಿನಿಂದ ಬರುವುದುಂಟು, ಆದ್ದರಿಂದ ಹೊಲದ ನಡುವಿನ ತೆನೆ ಆರಿಸಬೇಕು. ಇವುಗಳ ಬೀಜವನ್ನು ಮನೆಯಲ್ಲಿ ಇಟ್ಟು ಎರಡು-ಮೂರು ವರ್ಷ ಬಿತ್ತಬಹುದು, ಆಮೇಲೆ ಹೊಸದು ತಂದರಾಯಿತು. ಹೀಗೆ ಬೀಜ ಇಟ್ಟುಕೊಳ್ಳುವ, ಬಿತ್ತುವ, ಬೀಗರಿಗೆ ನೆರೆಯವರಿಗೆ ಕೊಡುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ನಮಗೆ ಕೊಟ್ಟಿದೆ. ಕಂಪನಿಯ ಹೆಸರು ಹಚ್ಚಿ ಮಾರುವಂತಿಲ್ಲ, ಅಷ್ಟೆ.

ಇಷ್ಟು ತಿಳಿದ ಮೇಲೆ ಅಂಗಡಿಯಲ್ಲಿ ಏನು ಮಾಡಬೇಕು?

ಮೊದಲನೆಯದು, “ಇದು ಹೈಬ್ರೀಡೋ, ತಳಿಯೋ?” ಎಂದು ಕೇಳಿ. ಬಾಯಿಮಾತಿಗೆ ಬಿಡದೆ ಚೀಟಿಯನ್ನು ಓದಿಸಿ. ಸಾಲೆಗೆ ಹೋಗುವ ಮಗನನ್ನೋ ಮಗಳನ್ನೋ ಜತೆಗೆ ಕರೆದೊಯ್ಯಿರಿ. 1966ರ ಬೀಜ ಕಾಯಿದೆಯ ಪ್ರಕಾರ ತಳಿಯ ಹೆಸರು, ಲಾಟ್ ನಂಬರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನ ಎಲ್ಲವೂ ಚೀಟಿಯ ಮೇಲೆ ಇರಬೇಕು. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ತಯಾರಕರು ತಮ್ಮದೇ ಜವಾಬ್ದಾರಿಯ ಮೇಲೆ ಮಾರುವ ಬೀಜಕ್ಕೆ ಸಾಮಾನ್ಯವಾಗಿ ಹಸಿರು ಚೀಟಿ. ಹೈಬ್ರೀಡ ಗೋವಿನಜೋಳಕ್ಕೆ 100ಕ್ಕೆ 90 ಮೊಳಕೆ ಬರಬೇಕು, ಸೋಯಾಕ್ಕೆ 70.

ಎರಡನೆಯದು, ಪಾವತಿ, ಚೀಟಿ, ಖಾಲಿ ಚೀಲ, ಜತೆಗೆ ಒಂದು ಹಿಡಿ ಬೀಜ, ಇವನ್ನು ರಾಶಿ ಮುಗಿಯುವವರೆಗೆ ಕಾದಿಡಿ. ಬೆಳೆ ಮೋಸ ಮಾಡಿದರೆ ಪೀಕು ಹೊಲದಲ್ಲಿ ನಿಂತಿರುವಾಗಲೇ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ತಿಳಿಸಿ. ಕೊಯ್ದ ಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

ಮೂರನೆಯದು ಮನೆಯಲ್ಲಿಟ್ಟ ಬೀಜಕ್ಕೆ. ಬಿತ್ತಿಗೆಗೆ ಎಂಟು-ಹತ್ತು ದಿನ ಮೊದಲು 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ, ಮೊಳಕೆ ಎಣಿಸಿ. ಸೋಯಾದ ಸಿಪ್ಪೆ ಬಲು ತೆಳುವು, ಬಡಿದು ರಾಶಿ ಮಾಡಿದರೆ ಒಳಗಿನ ಮೊಳಕೆಗೆ ಪೆಟ್ಟಾಗುತ್ತದೆ. ಆದ್ದರಿಂದ ಬೀಜಕ್ಕೆ ಬೇಕಾದಷ್ಟನ್ನು ಹಗುರಾಗಿ ಬೇರೆ ಬಡಿಯಿರಿ. ಚೀಲದ ಮೇಲೆ ಚೀಲ ಹೇರಬೇಡಿ.

ತಾಯಂದಿರಿಗೆ ಒಂದು ಮಾತು. ಅಂಗಡಿಯ ಬೀಜಕ್ಕೆ ಕೆಂಪು, ನೀಲಿ ಬಣ್ಣ ಇರುತ್ತದೆ, ಅದು ವಿಷದ ಔಷಧ ಹಚ್ಚಿದ ಗುರುತು. ಬಿತ್ತಿ ಉಳಿದದ್ದನ್ನು ಬೀಸಬೇಡಿ, ಕೋಳಿಗೆ ಹಾಕಬೇಡಿ, ತೊಳೆದೂ ತಿನ್ನಬೇಡಿ.

ನಮ್ಮ ಮನೆಯ ಮಾತಿನಿಂದಲೇ ಮುಗಿಸುತ್ತೇನೆ. ಇಷ್ಟೆಲ್ಲ ತಿಳಿದುಕೊಂಡು ಬಂದು ಒಂದು ಸಂಜೆ ಅವ್ವನ ಮುಂದೆ ಬಿಳಿ ದಾರ, ಕರಿ ದಾರ ಇಟ್ಟುಕೊಂಡು ಹೊಸೆದು ತೋರಿಸಿದೆ, ಬಿಚ್ಚಿ ತೋರಿಸಿದೆ. “ನಿಮ್ಮವ್ವ ಕಲಿಸಿದ್ದು ಸುಳ್ಳಲ್ಲವ್ವಾ. ನಾ ಓದಿ ಹೇಳಿದ್ದ ಸುಳ್ಳಾತು” ಅಂದೆ. ಅವಳು ದಾರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. “ಹಂಗಾದ್ರ ಜ್ವಾಳಕ್ಕ, ಕಡ್ಲಿಗೆ ನನ್ನ ಕೈ ನಡೀತೈತಿ ಅನ್ನು” ಅಂದಳು.

ಆ ವರ್ಷದ ಹಿಂಗಾರಿಗೆ ಅವ್ವ ನಿಂತ ಬೆಳೆಯಲ್ಲಿ ಅಡ್ಡಾಡಿ ಮಾಲ್ದಂಡಿ ತೆನೆಗಳಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಿದಳು. ಬೇವಿನ ಎಲೆ, ಬೂದಿ ಬೆರೆಸಿ ಗಡಿಗೆಯಲ್ಲಿ ಇಟ್ಟಳು. ಆ ಬೀಜ ನಮ್ಮ ಹೊಲದಲ್ಲಿ ಮಾತ್ರವಲ್ಲ, ಓಣಿಯ ನಾಲ್ಕು ಮನೆಗಳ ಹೊಲದಲ್ಲಿಯೂ ಬಿತ್ತಿಗೆಯಾಯಿತು. ಗೋವಿನಜೋಳದ ಬೀಜವನ್ನು ಮಾತ್ರ ಪ್ರತಿವರ್ಷ ಪೇಟೆಯಿಂದ ತರುತ್ತೇವೆ. ತಂದಾಗಲೆಲ್ಲ ಅವ್ವ ಚೀಲವನ್ನು ನನ್ನ ಮುಂದೆ ಇಟ್ಟು, “ಸರಿಯಾಗಿ ಓದು ಮಾಸ್ತರಾ” ಅನ್ನುತ್ತಿದ್ದಳು.

ನೀವೂ ಸರಿಯಾಗಿ ಓದಿಸಿಕೊಂಡು ಬೀಜ ತನ್ನಿರಿ.